ಗುಂಡಿಗೆಯ ಬಿಡುವು

ಯಾರಾದರೂ ಸುಮ್ಮನೆ ಕೂತಿದ್ದು ಕಂಡರೆ ಕೆಲವರಿಗೆ ತಡೆಯಲಾಗುವುದಿಲ್ಲ. “ಹುಟ್ಟಿದಾಗಿನಿಂದ ಸಾಯೋತನಕ ಹೃದಯ ಒಂದು ಕ್ಷಣ ಬಿಡುವು ತಗೊಳ್ಳುತ್ತೇನ್ರೀ? ನಿಮಗೇನು ಧಾಡಿ?” ಎಂದು ಶುರುಮಾಡುತ್ತಾರೆ. ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುವುದನ್ನು ಧರ್ಮವೆಂದೇ ನಂಬಿರುವ ನನ್ನಂಥವರು ಇದಕ್ಕೆ ಉತ್ತರ ಹುಡುಕಲೇಬೇಕು. ಪುಣ್ಯಕ್ಕೆ, ಉತ್ತರ ಗುಂಡಿಗೆಯೊಳಗೇ ಇದೆ.

ಅದರ ದುಡಿಮೆಯನ್ನು ನಾನೇನೂ ಅಲ್ಲಗಳೆಯುವುದಿಲ್ಲ. ಮೈಗೆಲ್ಲ ಆಮ್ಲಜನಕ ಹಂಚಿ ಬಂದ ರಕ್ತ ಬಲಗಡೆಯ ಮೇಲ್ಕೋಣೆ ಸೇರಿ ಕೆಳಕೋಣೆಗೆ ಇಳಿಯುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಹೊಸ ಆಮ್ಲಜನಕ ತುಂಬಿಕೊಂಡು ಎಡಗಡೆಯ ಮೇಲ್ಕೋಣೆಗೆ ಮರಳುತ್ತದೆ. ಎಡ ಕೆಳಕೋಣೆ ಅದನ್ನು ಮಹಾಪಧಮನಿಗೆ ನೂಕುತ್ತದೆ. ಬಲಗಡೆಯದು ಪಕ್ಕದ ಶ್ವಾಸಕೋಶದವರೆಗಿನ ಕೆಲಸ. ಎಡಗಡೆಯದು ನೆತ್ತಿಯಿಂದ ಕಾಲಿನ ಹೆಬ್ಬೆರಳಿನ ತನಕ. ಅದಕ್ಕೇ ಎಡಗೋಡೆ ದಪ್ಪ. ಡಾಕ್ಟರು ಕೊಳವೆಯಿಟ್ಟು ಕೇಳುವ ‘ಲಬ್ ಡಬ್’ ಕವಾಟಗಳು ಮುಚ್ಚಿಕೊಳ್ಳುವ ಸದ್ದು.

ರಕ್ತ ಹೀಗೆ ಸುತ್ತುತ್ತದೆಂದು ತಿಳಿಯಲು ಲೋಕಕ್ಕೆ ಬೇಕಾದದ್ದು ಒಂದು ಗುಣಾಕಾರ. ಯಕೃತ್ತು ಊಟದಿಂದ ರಕ್ತ ತಯಾರಿಸುತ್ತದೆ, ಮೈ ಅದನ್ನು ಖರ್ಚು ಮಾಡುತ್ತದೆ ಎಂದು ಪ್ರಾಚೀನ ಕಾಲದ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪಿನ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷ ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಲೆಕ್ಕ ಹಾಕಿದ: ಒಂದು ಬಡಿತಕ್ಕೆ ಇಷ್ಟು ರಕ್ತ, ಅರ್ಧ ಗಂಟೆಗೆ ಇಷ್ಟು ಬಡಿತ. ಮೈಯಲ್ಲಿರುವ ಒಟ್ಟು ರಕ್ತವನ್ನೇ ಮೀರಿತು ಮೊತ್ತ! ಅಷ್ಟನ್ನು ಹೊಸದಾಗಿ ತಯಾರಿಸಲು ಯಾವ ಹೊಟ್ಟೆಬಾಕನಿಂದಲೂ ಆಗದು. ಅಂದಮೇಲೆ ಸುತ್ತುವುದು ಅದೇ ರಕ್ತ. 1628ರಲ್ಲಿ ಅವನು ಪುಸ್ತಕ ಪ್ರಕಟಿಸಿದ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಸೂಕ್ಷ್ಮ ನಾಳಗಳನ್ನು ಮಾತ್ರ ಅವನು ಕಾಣಲಿಲ್ಲ. ಅವನು 1657ರಲ್ಲಿ ತೀರಿಕೊಂಡ; ಇಟಲಿಯ ವೈದ್ಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದಿಂದ ಕಂಡದ್ದು 1661ರಲ್ಲಿ.

ಹಾರ್ವೆಯ ಧೈರ್ಯದ ಮೇಲೆ ನನ್ನದೂ ಒಂದು ಲೆಕ್ಕ. ನಿಮಿಷಕ್ಕೆ ಸುಮಾರು 75 ಬಡಿತವೆಂದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಕೆಳಕೋಣೆ ಮುದುಡಿ ದುಡಿಯುವುದು 0.3, ಸಡಿಲಾಗಿರುವುದು 0.5. ದಿನಕ್ಕೆ ಗುಣಿಸಿ ನೋಡಿ: ಕೆಲಸ 9 ಗಂಟೆ, ಬಿಡುವು 15 ಗಂಟೆ! ಚೂರುಚೂರಾಗಿ ತೆಗೆದುಕೊಳ್ಳುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ.

ಆ ಬಿಡುವಿನಲ್ಲೇ ಅದರ ಊಟ. ಹೊಟ್ಟೆತುಂಬ ರಕ್ತವಿದ್ದರೂ ಗುಂಡಿಗೆ ಅದರಿಂದ ನೇರವಾಗಿ ಉಣ್ಣುವುದು ಇಲ್ಲವೆನ್ನುವಷ್ಟು ಕಡಿಮೆ. ದಿನವಿಡೀ ಕಂತೆ ಕಂತೆ ನೋಟು ಎಣಿಸುವ ಬ್ಯಾಂಕಿನ ಕ್ಯಾಷಿಯರಿಗೂ ತಿಂಗಳ ಸಂಬಳವೇ ಗತಿ ತಾನೆ? ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಪರಿಧಮನಿಗಳಿಂದ ಅದಕ್ಕೆ ಪಾಲು ಬರಬೇಕು. ಎಡಗೋಡೆ ಮುದುಡಿದಾಗ ತನ್ನೊಳಗಿನ ನಾಳಗಳನ್ನೇ ಹಿಸುಕಿಬಿಡುವುದರಿಂದ, ಅದರ ಪಾಲಿನ ಹೆಚ್ಚಿನ ರಕ್ತ ಹರಿಯುವುದು ಸಡಿಲಾದಾಗಲೇ.

ಬಡಿತದ ವೇಗ ಹೆಚ್ಚಿದಾಗ ಹೆಚ್ಚು ಕತ್ತರಿ ಬೀಳುವುದು ಬಿಡುವಿಗೆ, ಕೆಲಸಕ್ಕಲ್ಲ. ಪರಿಧಮನಿ ಕಟ್ಟಿಕೊಂಡವರಿಗೆ ಮಹಡಿ ಹತ್ತುವಾಗ ಎದೆ ಹಿಡಿದಂತಾಗುವುದಕ್ಕೆ ಇದೂ ಒಂದು ಕಾರಣ: ಕೆಲಸ ಹೆಚ್ಚಿತು, ಊಟದ ಹೊತ್ತು ಕಡಿಮೆಯಾಯಿತು. ಅಂಥ ಹೊತ್ತಿನಲ್ಲಿ ಡಾಕ್ಟರ ಹತ್ತಿರ ಓಡಬೇಕು. ನಮ್ಮವರು ಮಾತ್ರ “ಗ್ಯಾಸ್ ಇರಬೇಕು” ಎಂದು ಸೋಡಾ ಕುಡಿಯುತ್ತಾರೆ.