ಗೋಡೆ ಪಕ್ಕದ ನೀರು

ಹರಿಯುವ ನೀರು ಗೋಡೆಗೆ ತಾಗುವಲ್ಲಿ ನಿಂತೇ ಇರುತ್ತದೆ, ಅಲ್ಲಿ ಅದರ ವೇಗ ಸೊನ್ನೆ ಎಂದು ಇಂಜಿನಿಯರಿಂಗ್ ಓದಿದವರೆಲ್ಲ ಕಲಿತಿರುತ್ತಾರೆ. ಗಾಜಿನಲ್ಲಿ ಕೊರೆದ ಕೂದಲೆಳೆಯಷ್ಟು ಸಣ್ಣ ಕಾಲುವೆಯಲ್ಲೂ ಇದು ನಿಜವೇ ಎಂದು ಅಳೆದು ನೋಡುವುದು ನವಿ ಮುಂಬೈಯ ನಮ್ಮ ಪ್ರಯೋಗಾಲಯದ ಕೆಲಸ. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ವಾಶಿ ಲೋಕಲ್. ಹತ್ತು ವರ್ಷದಿಂದ ನನ್ನ ದಾರಿ ಇದೇ.

ಕಳೆದ ಮಳೆಗಾಲದಲ್ಲಿ ನಮ್ಮ ಪಿಎಚ್‌ಡಿ ಹುಡುಗಿ ಒಂದು ಗ್ರಾಫ್ ತಂದಳು. ಕಲಬುರ್ಗಿ ಕಡೆಯವಳು, ಈಗ ಮನೆ ಕಲ್ಯಾಣದಲ್ಲಿ. ಗೋಡೆಯ ಬಳಿ ನೀರು ಜಾರುತ್ತಿದೆ ಎನ್ನುತ್ತಿತ್ತು ಗ್ರಾಫ್. ನಿಜವಾದರೆ ಥೀಸಿಸಿಗೆ ಒಂದು ಗಟ್ಟಿ ಅಧ್ಯಾಯ. ಫೆಲೋಶಿಪ್ ಮುಗಿಯಲು ಐದೇ ತಿಂಗಳಿತ್ತು.

ನೀರಿನ ಓಟ ಕಣ್ಣಿಗೆ ಕಾಣದು. ಅದಕ್ಕೇ 100 ನ್ಯಾನೊಮೀಟರ್ ವ್ಯಾಸದ ಹೊಳೆಯುವ ಕಣಗಳನ್ನು ಬೆರೆಸಿ, ಬೆನ್ನುಬೆನ್ನಿಗೆ ಎರಡು ಚಿತ್ರ ತೆಗೆದು, ಅವು ಎಷ್ಟು ಸರಿದವೆಂದು ನೋಡುತ್ತೇವೆ. ಆದರೆ ಕಣಗಳು ಹರಿವಿನ ಜೊತೆ ತೆಪ್ಪಗೆ ಸಾಗುವುದಿಲ್ಲ. ನೀರಿನ ಅಣುಗಳು ಅವನ್ನು ನೂಕಾಡುತ್ತಲೇ ಇರುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಗಮನಿಸಿದ, 1905ರಲ್ಲಿ ಐನ್‌ಸ್ಟೈನ್ ಲೆಕ್ಕಕ್ಕೆ ತಂದ ಅಲೆದಾಟ ಇದು. ಇಷ್ಟು ಸಣ್ಣ ಕಣ ಒಂದು ಮಿಲಿಸೆಕೆಂಡಿನಲ್ಲಿ ಹೆಚ್ಚುಕಮ್ಮಿ ತನ್ನ ಮೈಯಷ್ಟೇ ದೂರ ಅಲೆದಿರುತ್ತದೆ.

ಕಾಲುವೆಯ ನಡುವೆ ಇದರಿಂದ ತೊಂದರೆಯಿಲ್ಲ. ಆಚೆ ಅಲೆದದ್ದೂ ಈಚೆ ಅಲೆದದ್ದೂ ಸಾವಿರಾರು ಕಣಗಳ ಸರಾಸರಿಯಲ್ಲಿ ವಜಾ ಆಗುತ್ತವೆ. ಗೋಡೆಯ ಬಳಿ ಹಾಗಲ್ಲ. ಬೆಳಗಿನ ಎಂಟರ ಲೋಕಲಿನಲ್ಲಿ ಡಬ್ಬಿಯ ತಗಡಿಗೆ ಬೆನ್ನೊತ್ತಿ ನಿಂತವನಿಗೆ ಸರಿಯಲು ಒಂದೇ ದಿಕ್ಕು; ಕಣದ ಪಾಡೂ ಅಷ್ಟೇ. ಗೋಡೆಯಿಂದ ದೂರ ಸರಿದಷ್ಟೂ ಅದಕ್ಕೆ ಹೆಚ್ಚು ವೇಗದ ನೀರು ಸಿಗುತ್ತದೆ. ಎರಡು ಚಿತ್ರಗಳ ನಡುವೆ ಹೆಚ್ಚು ಕಾದರೆ ಅಳತೆ ನಿಜಕ್ಕಿಂತ ಮೇಲೇರುತ್ತದೆ. ರೆಜಾ ಸದ್ರ್, ಮಿನಾಮಿ ಯೋಡಾ ಮತ್ತಿತರರು 2007ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಇನ್ನಷ್ಟು ಕಣ ಎಣಿಸಿದರೂ ಈ ತಪ್ಪು ಕರಗದು. ಗ್ರಾಫ್ ನುಣುಪಾಗಿ, ನೋಡುವವರ ನಂಬಿಕೆ ಹೆಚ್ಚುತ್ತದೆ ಅಷ್ಟೆ. ನನಗೆ ಭಯ ಹುಟ್ಟಿಸುವ ತಪ್ಪು ಇಂಥದ್ದೇ.

‘ಕಾಯುವ ಹೊತ್ತು ಬದಲಿಸಿ ಮತ್ತೆ ಅಳಿ. ನೀರು ನಿಜಕ್ಕೂ ಜಾರುತ್ತಿದ್ದರೆ, ಎಷ್ಟು ಹೊತ್ತು ಕಾದರೂ ಜಾರುವಿಕೆ ಒಂದೇ ಇರಬೇಕಲ್ಲ?’ ಎಂದೆ.

‘ಮೂರು ವಾರ ಹೋಗ್ತದ್ರಿ ಸರ.’

‘ಹೋಗಲಿ.’

ಹೋದದ್ದು ಐದು ವಾರ. ಹತ್ತು ಮಿಲಿಸೆಕೆಂಡಿನಿಂದ ಐದಕ್ಕೆ, ಆಮೇಲೆ ಎರಡಕ್ಕೆ ಇಳಿಸಿದ ಹಾಗೆ ಜಾರುವಿಕೆಯೂ ಇಳಿಯಿತು. ಇನ್ನೂ ಇಳಿಸಿದರೆ ಕಣ ಸರಿದದ್ದೇ ನಮ್ಮ ಕ್ಯಾಮೆರಾಕ್ಕೆ ತಿಳಿಯದು. ಕೊನೆಗೆ ಉಳಿದ ಚೂರು ನೀರಿನದೋ ಕಣದ್ದೋ ಹೇಳಲಾಗದು ಎಂದೇ ಅವಳು ಅಧ್ಯಾಯದಲ್ಲಿ ಬರೆದಿದ್ದಾಳೆ. ಫೆಲೋಶಿಪ್ ಮುಂದುವರಿಸಲು ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.