ಬೈದವರ ಮನೆಯಲ್ಲಿ ಉಳಿದ ಗರಿ

ಬೆಳಿಗ್ಗೆ ಕಾಫಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಸರಸ್ವತಿಪುರಂನ ಮಿತ್ರರೊಬ್ಬರು ಗೇಟು ತೆಗೆದು ಬಂದರು. "ಎರಡನೇ ಸಂಪುಟ ಇದ್ಯಾ ಸಾರ್?" ಮೊದಲನೆಯದು ಅವರ ಮನೆ ಸೇರಿ ಎಷ್ಟು ಮಳೆಗಾಲ ಕಳೆದವೋ! ಅದರ ಸುದ್ದಿ ಅವರೂ ಎತ್ತಲಿಲ್ಲ, ದಾಕ್ಷಿಣ್ಯಕ್ಕೆ ನಾನೂ ಎತ್ತಲಿಲ್ಲ. ಎರಡನೆಯದನ್ನೂ ಕೊಟ್ಟು, ಕಾಫಿಯನ್ನೂ ಕೊಟ್ಟು ಕಳಿಸಿದೆ. ಅವರು ಗೇಟು ದಾಟಿದ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕೂತವನಿಗೆ, ಯಾಕೋ, ದಿಙ್ನಾಗ ನೆನಪಾದ.

ಹಳೆಯ ಓಲೆಗರಿ ಎಂದರೆ ಮೈಸೂರಿನಲ್ಲಿ ಎಲ್ಲರೂ ಶಾಮಾಶಾಸ್ತ್ರಿಗಳು, 1905, ಕೌಟಿಲ್ಯನ ಅರ್ಥಶಾಸ್ತ್ರ ಎಂದು ಒಪ್ಪಿಸುತ್ತಾರೆ. ಅದು ಎಲ್ಲರಿಗೂ ಗೊತ್ತು, ಬಿಡಿ. ನನ್ನ ತಲೆಗೆ ಹೊಕ್ಕದ್ದು ಇದೇ ಊರಲ್ಲಿ 1930ರಲ್ಲಿ ಅಚ್ಚಾಗಿ, ಹೆಚ್ಚು ಸದ್ದು ಮಾಡದೆ ಕೂತ ಇನ್ನೊಂದು ಪುಸ್ತಕ. ದಿಙ್ನಾಗ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಬೌದ್ಧ ತಾರ್ಕಿಕ. ಅವನ 'ಪ್ರಮಾಣಸಮುಚ್ಚಯ'ದ ಸಂಸ್ಕೃತ ಮೂಲ ಕಳೆದುಹೋಗಿತ್ತು. ಟಿಬೆಟಿನವರು ತಮ್ಮ ಭಾಷೆಗೆ ಮಾಡಿಕೊಂಡ ಅನುವಾದ ಉಳಿದಿತ್ತು. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ ಅದರ ಮೊದಲ ಪರಿಚ್ಛೇದವನ್ನು ಟಿಬೆಟನ್ನಿನಿಂದ ಮರಳಿ ಸಂಸ್ಕೃತಕ್ಕೆ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯ ಅಚ್ಚು ಹಾಕಿತು. ಟಿಬೆಟನ್ನರು ನಮ್ಮ ಬೈಲಕುಪ್ಪೆಗೆ ಬರುವುದಕ್ಕೆ ಇನ್ನೂ ಮೂವತ್ತು ವರ್ಷವಿತ್ತು. ಕೊನೆಗೆ ಆ ಗ್ರಂಥದ ಮೇಲೆ ಜಿನೇಂದ್ರಬುದ್ಧಿ ಬರೆದ ಸಂಸ್ಕೃತ ಟೀಕೆ ಸಿಕ್ಕಿದ್ದೂ ಟಿಬೆಟಿನಲ್ಲೇ. ಅದರ ಮೊದಲ ಅಧ್ಯಾಯ ಬೆಳಕು ಕಂಡದ್ದು 2005ರಲ್ಲಿ.

ಅಂದರೆ ಎರವಲು ಒಯ್ದು ಹಿಂದಿರುಗಿಸದವರೇ ಪುಸ್ತಕ ಕಾಪಾಡಿದರು! ಈ ಮಾತನ್ನು ಸರಸ್ವತಿಪುರಂವರೆಗೆ ಹಬ್ಬಿಸುವ ಉದ್ದೇಶ ನನಗಿಲ್ಲ.

ಅದಕ್ಕಿಂತ ಸ್ವಾರಸ್ಯವಾದದ್ದು ಬೈದವರ ಉಪಕಾರ. ದಿಙ್ನಾಗನನ್ನು ಖಂಡಿಸಲು ಕೂತ ಉದ್ಯೋತಕರ, ಕುಮಾರಿಲ ಇವರೆಲ್ಲ ಮೊದಲು ಅವನ ಮಾತನ್ನು ಎತ್ತಿಟ್ಟು ಆಮೇಲೆ ಕೈಮಾಡಿದರು. ಹಾಗೆ ಎದುರಾಳಿಗಳ ಗ್ರಂಥಗಳಲ್ಲಿ ಸಿಕ್ಕಿಕೊಂಡಿದ್ದ ಚೂರುಗಳನ್ನು ಆಯ್ದು ರ‍್ಯಾಂಡಲ್ ಎಂಬ ವಿದ್ವಾಂಸರು 1926ರಲ್ಲಿ ಒಂದು ಪುಸ್ತಕವನ್ನೇ ಮಾಡಿದರು. ದಿಙ್ನಾಗನ ಹಾದಿಯಲ್ಲೇ ಬಂದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ 'ನ್ಯಾಯಬಿಂದು'ವಿಗೆ ಧರ್ಮೋತ್ತರ ಬರೆದ ಟೀಕೆಯ ತಾಳೆಗರಿ ವಿದ್ವಾಂಸ ಪೀಟರ್‌ಸನ್‌ಗೆ ಸಿಕ್ಕಿದ್ದು ಬೌದ್ಧ ವಿಹಾರದಲ್ಲಲ್ಲ, ಗುಜರಾತಿನ ಖಂಭಾತಿನ ಜೈನ ಭಂಡಾರದಲ್ಲಿ. ವಾದದಲ್ಲಿ ಸೋಲಿಸಬೇಕಾದವನ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ, ಹುಳ ಹಿಡಿಯದಂತೆ ನೋಡಿಕೊಳ್ಳುವುದು ಎಂಥ ದೊಡ್ಡ ಜಗಳಗಂಟಿತನ!

ಈಗ ನಮ್ಮ ಪುಸ್ತಕ ವಿಮರ್ಶೆ ನೋಡಿ. ಮುನ್ನುಡಿಯಲ್ಲಿ ಹೊಗಳಿಕೆ, ಬೆನ್ನುಡಿಯಲ್ಲಿ ಹೊಗಳಿಕೆ, ಬಿಡುಗಡೆಯ ದಿನ ಹಾರದ ಜೊತೆ ಹೊಗಳಿಕೆ. 'ಲೇಖಕರ ಜೀವನಪ್ರೀತಿ ಎದ್ದು ಕಾಣುತ್ತದೆ' ಎಂಬ ಮಾತಿನಿಂದ ಮುಂದಿನ ಸಂಶೋಧಕ ಏನನ್ನು ಮರಳಿ ಕಟ್ಟಬೇಕು? ನಾಳೆ ಪುಸ್ತಕಗಳೆಲ್ಲ ಗೆದ್ದಲು ತಿಂದು ಈ ವಿಮರ್ಶೆಗಳಷ್ಟೇ ಉಳಿದರೆ, ಕನ್ನಡದಲ್ಲಿ ಜೀವನಪ್ರೀತಿ ಬಹಳವಿತ್ತು ಎನ್ನುವುದೊಂದು ಬಿಟ್ಟು ಬೇರೇನೂ ತಿಳಿಯದು. ಹಿಂದಿನವರ ಪೂರ್ವಪಕ್ಷಕ್ಕೆ ಒಂದು ಶಿಸ್ತಿತ್ತು: ಎದುರಾಳಿ ಹೇಳಿದ್ದನ್ನು ಅವನೇ ತಲೆದೂಗುವಂತೆ ಹೇಳಬೇಕು, ಆಮೇಲೆ ಕೆಡವಬೇಕು. ಇವತ್ತು ಕೆಡವುವವರಿದ್ದಾರೆ, ಓದಿ ಕೆಡವುವವರು ಸಿಕ್ಕರೆ ಅವರಿಗೆ ಎರಡೂ ಸಂಪುಟ ಪುಕ್ಕಟೆ.

ಅಷ್ಟು ದೂರ ಯಾಕೆ, ನಮ್ಮ 'ಕವಿರಾಜಮಾರ್ಗ'ವನ್ನೇ ತೆಗೆದುಕೊಳ್ಳಿ. ಕಾವ್ಯದೋಷಕ್ಕೆ ಉದಾಹರಣೆಯೆಂದು ಅಲ್ಲಿ ಕೊಟ್ಟಿರುವ ಕೆಟ್ಟ ಪದ್ಯಗಳು ಸಾವಿರದ ನೂರಕ್ಕೂ ಹೆಚ್ಚು ವರ್ಷ ದಾಟಿ, ಇಂದಿಗೂ ಓದುವುದಕ್ಕೆ ಸಿಗುತ್ತವೆ. ಗದ್ಯದಲ್ಲಿ ಹೆಸರಾದವರು ಎಂದು ಹೊಗಳಿಸಿಕೊಂಡ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರಷ್ಟೇ ಉಳಿದವು. ಕನ್ನಡ ಗದ್ಯ ಒಂದು ಸಾಲೂ ಇಲ್ಲ. ಇವರಲ್ಲಿ ದುರ್ವಿನೀತ ಗಂಗರ ಅರಸನೇ ಎಂದು ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ಅವನ ಗದ್ಯ ಉಳಿಯದ್ದರಲ್ಲಿ ಆಶ್ಚರ್ಯವೇನು? ಅರಸನ ವಾಕ್ಯವನ್ನು ಎತ್ತಿಕೊಂಡು ಇದು ಕೆಟ್ಟಿದೆ ಎನ್ನುವ ಎದೆಗಾರಿಕೆ ತಲಕಾಡಿನಲ್ಲಿ ಯಾರಿಗಿತ್ತು!