ತಿಮಿಂಗಿಲವನ್ನು ಹಂಚಿ ಉಣ್ಣುವ ಊರು

ಭೂಪಟದಲ್ಲಿ ಜಾವಾ ದ್ವೀಪದಿಂದ ಪೂರ್ವದ ಕಡೆಗೆ ಬೆರಳಾಡಿಸುತ್ತ ಹೋದರೆ ಬಾಲಿ, ಲೊಂಬೋಕ್, ಸುಂಬಾವ, ಫ್ಲೋರೆಸ್ ಎಂದು ದ್ವೀಪಗಳು ಪೋಣಿಸಿದ ಮಣಿಗಳಂತೆ ಒಂದರ ಹಿಂದೊಂದು ಬರುತ್ತವೆ. ಫ್ಲೋರೆಸ್ ಮುಗಿದ ಮೇಲೆ ಸೋಲೋರ್, ಅದೋನಾರ; ಅವುಗಳಾಚೆಗೆ ಲೆಂಬಾತ. ಲೆಂಬಾತದ ದಕ್ಷಿಣ ತೀರದಲ್ಲಿ, ಕಪ್ಪು ಬಂಡೆಗಳ ಇಳಿಜಾರಿಗೆ ಅಂಟಿಕೊಂಡಂತೆ, ಲಾಮಲೇರ ಎಂಬ ಊರಿದೆ. ಅದರ ಮುಂದೆ ಹರಡಿರುವುದು ಸಾವು ಸಮುದ್ರ. ಹೆಸರನ್ನು ಕೇಳಿ ಕನ್ನಡಿಗರು ಬೆಚ್ಚಬೇಕಾಗಿಲ್ಲ. ಅದು ಆ ಕಡಲಿನ ದಕ್ಷಿಣಕ್ಕಿರುವ ದ್ವೀಪವೊಂದರ ಹೆಸರು, ಅಷ್ಟೆ.

ಊರಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ನೆಲ ಬರೀ ಕಲ್ಲು. ಉತ್ತು ಬಿತ್ತಲು ಯೋಗ್ಯವಾದ ಭೂಮಿ ಇಲ್ಲವೆಂದೇ ಹೇಳಬೇಕು. ತಮ್ಮ ಹಿರಿಯರು ಸುಲಾವೆಸಿಯ ಕಡೆಯಿಂದ ಹೊರಟು, ಲೆಪಾನ್ ಬಾತಾನ್ ಎಂಬ ಪುಟ್ಟ ದ್ವೀಪದಲ್ಲಿ ನೆಲೆಸಿದ್ದಾಗ ಕಡಲುಕ್ಕಿ ಅದು ಮುಳುಗಿತೆಂದೂ, ಅಲ್ಲಿಂದ ದೋಣಿಯೇರಿ ಇಲ್ಲಿಗೆ ಬಂದು ಸೇರಿದರೆಂದೂ ಇಲ್ಲಿಯವರು ಹೇಳುತ್ತಾರೆ. ಮೊದಲೇ ನೆಲೆಸಿದ್ದ ಕುಲಗಳು ಬಂದವರಿಗೆ ಇರಲು ಸ್ಥಳ ಕೊಟ್ಟವು. ಆ ಋಣ ಇಂದಿಗೂ ಸಂದಾಯವಾಗುತ್ತಿದೆ: ಬೇಟೆಯಾದ ಪ್ರತಿಯೊಂದು ದೊಡ್ಡ ತಿಮಿಂಗಿಲದಲ್ಲಿಯೂ ನೆಲದೊಡೆಯರ ಕುಲಕ್ಕೆ ಗೊತ್ತಾದ ಭಾಗವುಂಟು.

ಮೇ ತಿಂಗಳಿನಿಂದ ಮಳೆಗಾಲದ ಮುಂಚಿನವರೆಗೆ ಬೇಟೆಯ ಕಾಲ. ಅದನ್ನು ಅವರು ‘ಲೆಫಾ’ ಎನ್ನುತ್ತಾರೆ. ಜನರೆಲ್ಲ ಕೆಥೋಲಿಕರು, ಮೇ 1ರಂದು ಕಡಲತೀರದ ಸಂತ ಪೀಟರನ ಪುಟ್ಟ ಗುಡಿಯೆದುರು ಪೂಜೆ ನಡೆದು, ಪಾದ್ರಿಗಳು ದೋಣಿಗಳ ಮೇಲೆ ತೀರ್ಥ ಚಿಮುಕಿಸುತ್ತಾರೆ. ಅದಕ್ಕೆ ಮುನ್ನ ನೆಲದೊಡೆಯರು ಬೆಟ್ಟದ ಮೇಲೆ ತಿಮಿಂಗಿಲದ ಆಕಾರದ ಬಂಡೆಯ ಬಳಿ ಹಳೆಯ ಪದ್ಧತಿಯಂತೆ ತಿಮಿಂಗಿಲಗಳನ್ನು ಕರೆಯುವ ವಿಧಿಯನ್ನು ಮುಗಿಸಿರುತ್ತಾರೆ. ಎರಡು ನಂಬಿಕೆಗಳಿಗೂ ಪರಸ್ಪರ ತಕರಾರಿದ್ದಂತೆ ತೋರುವುದಿಲ್ಲ.

ಬೇಟೆಯ ದೋಣಿಗೆ ‘ತೇನಾ’ ಎಂದು ಹೆಸರು. ಸುಮಾರು 10 ಮೀಟರ್ ಉದ್ದ. ಹಲಗೆಗಳನ್ನು ಮರದ ಗೂಟಗಳಿಂದ ಜೋಡಿಸಿದ್ದು, ಒಂದು ಕಬ್ಬಿಣದ ಮೊಳೆಯೂ ಇಲ್ಲ. ಹಾಯಿ ತಾಳೆಯ ಜಾತಿಯ ಗೆಬಾಂಗ್ ಮರದ ಓಲೆಯನ್ನು ಹೆಣೆದದ್ದು. ಹಲಗೆಗಳ ಜೋಡಣೆ ಪೂರ್ವಿಕರ ಕಾಲದಲ್ಲಿದ್ದಂತೆಯೇ ಇರಬೇಕು. ಹಲಗೆ ಸವೆದರೆ ಹೊಸದು ಬರುತ್ತದೆ, ದೋಣಿ ಮಾತ್ರ ಹಳೆಯದೇ, ಅದರ ಹೆಸರೂ ಹಳೆಯದೇ. ದೋಣಿ ಜೀವವುಳ್ಳದ್ದೆಂದು ಅವರ ಭಾವನೆ. ಕಡಲಿನಲ್ಲಿ ಕಳೆದುಹೋದ ದೋಣಿಗೆ ಮನುಷ್ಯನಿಗೆಂಬಂತೆ ಸೂತಕ ಆಚರಿಸುವುದುಂಟು. ಕಡಲಿಗಿಳಿಯುವ ಮುನ್ನ ಮನೆಯ ಜಗಳಗಳೆಲ್ಲ ತೀರಬೇಕು. ಮನೆಯಲ್ಲಿ ಮನಸ್ತಾಪವಿಟ್ಟುಕೊಂಡು ಹೊರಟವನ ಈಟಿ ಗುರಿ ತಪ್ಪುತ್ತದೆಯಂತೆ.

ದೂರದಲ್ಲಿ ತಿಮಿಂಗಿಲ ಉಸಿರು ಚಿಮ್ಮಿದ್ದನ್ನು ಕಂಡವನು ‘ಬಲೆಯೋ!’ ಎಂದು ಕೂಗುತ್ತಾನೆ. ಕೂಗು ಮನೆಯಿಂದ ಮನೆಗೆ ಹಾರಿ ಬೆಟ್ಟವನ್ನೇರುತ್ತದೆ. ಗಂಡಸರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ದೋಣಿಮನೆಗಳತ್ತ ಓಡುತ್ತಾರೆ. ದೋಣಿಯ ಮುಂತುದಿಯಲ್ಲಿ ಬಿದಿರಿನ ಅಟ್ಟಣೆಯೊಂದು ನೀರಿನ ಮೇಲೆ ಚಾಚಿಕೊಂಡಿರುತ್ತದೆ. ಅದರ ಮೇಲೆ ‘ಲಾಮಾಫಾ’, ಎಂದರೆ ಈಟಿಗಾರ, ಉದ್ದವಾದ ಬಿದಿರಿನ ಹಿಡಿಯ ಈಟಿಯನ್ನೆತ್ತಿ ನಿಲ್ಲುತ್ತಾನೆ. ಅವನು ಈಟಿಯನ್ನು ಎಸೆಯುವುದಿಲ್ಲ. ಈಟಿಯೊಡನೆ ತಾನೂ ಹಾರಿ, ಮೈಯ ಭಾರವನ್ನೆಲ್ಲ ಹಾಕಿ ನಾಟಿಸುತ್ತಾನೆ. ಕ್ಷಣಾರ್ಧದಲ್ಲಿ ತಾನು ಹಾರಿದ ಪ್ರಾಣಿಯ ಬಾಲದ ಪಕ್ಕದಲ್ಲಿ ನೀರಿಗೆ ಬಿದ್ದು ಈಜಿ ದೋಣಿಗೆ ಮರಳಬೇಕು. ಗಂಡು ಸ್ಪರ್ಮ್ ತಿಮಿಂಗಿಲವು 16 ಮೀಟರಿನಷ್ಟು ಬೆಳೆಯುತ್ತದೆಂಬುದನ್ನು ನೆನೆದರೆ ಈ ಹಾರಿಕೆಯ ಅರ್ಥ ತಿಳಿದೀತು. 1994ರಲ್ಲಿ ಈಟಿ ನಾಟಿದ ತಿಮಿಂಗಿಲವೊಂದು ದೋಣಿಗಳನ್ನು ತಿಮೋರಿನ ದಿಕ್ಕಿಗೆ ಎಳೆದುಕೊಂಡೇ ಹೋಯಿತು. ದಿನಗಟ್ಟಲೆ ಕಡಲಿನಲ್ಲಿ ತೇಲಿದವರನ್ನು ಪ್ರವಾಸಿಗರ ಹಡಗೊಂದು ಕಂಡು ಕಾಪಾಡಿತು. ನೀಲಿ ತಿಮಿಂಗಿಲ ಮೊದಲಾದ ಹಲ್ಲಿಲ್ಲದ ಜಾತಿಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. ಅದು ಹಿರಿಯರ ಕಟ್ಟಳೆ.

ಬೇಟೆಗಿಂತಲೂ ಸೋಜಿಗವಾದದ್ದು ಅದರ ಬಳಿಕ ನಡೆಯುವ ಪಾಲು. ತೀರಕ್ಕೆಳೆದ ತಿಮಿಂಗಿಲದ ಮೈಯಲ್ಲಿ ಯಾವ ಭಾಗ ಯಾರದೆಂಬುದು ಮೊದಲೇ ನಿಶ್ಚಯವಾಗಿದೆ. ಈಟಿಗಾರನಿಗಿಷ್ಟು, ಹುಟ್ಟು ಹಾಕಿದವರಿಗಿಷ್ಟು, ದೋಣಿಯ ಒಡೆತನವುಳ್ಳ ಮನೆಗಳಿಗಿಷ್ಟು. ದೋಣಿ ಕಟ್ಟಿದ ಬಡಗಿಗೆ, ಈಟಿಯ ಮೊನೆ ಬಡಿದ ಕಮ್ಮಾರನಿಗೆ, ಹಾಯಿ ಹೆಣೆದವನಿಗೆ ಕೂಡ ಪಾಲುಂಟು. ಪಾಲು ಪಡೆದವರು ತಮ್ಮ ನಂಟರಿಗೆ, ನೆರೆಯವರಿಗೆ ಹಂಚುತ್ತಾರೆ. ದುಡಿಯುವ ಗಂಡಸಿಲ್ಲದ ವಿಧವೆಯ ಮನೆಗೂ ಹೀಗೆ ಮಾಂಸ ತಲುಪುತ್ತದೆ. ನಮ್ಮ ಹಳ್ಳಿಗಳ ಕಣದಲ್ಲಿ ರಾಶಿಯ ದಿನ ಆಯಗಾರರಿಗೆ ಧಾನ್ಯ ಅಳೆದುಕೊಡುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಲೆಕ್ಕ ಹೊಸದೆನಿಸಲಾರದು.

ಜಗತ್ತಿನ ಹದಿನೈದು ಸಣ್ಣ ಸಮಾಜಗಳಲ್ಲಿ ವಿದ್ವಾಂಸರು ಒಂದು ಪರೀಕ್ಷೆ ನಡೆಸಿ 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬನ ಕೈಗೆ ಒಂದಷ್ಟು ಸ್ವತ್ತು ಕೊಟ್ಟು, ಅದರಲ್ಲಿ ಮನಬಂದಷ್ಟನ್ನು ಇನ್ನೊಬ್ಬನಿಗೆ ಕೊಡೆಂದು ಹೇಳುವುದು. ಆ ಇನ್ನೊಬ್ಬನು ಒಲ್ಲೆನೆಂದರೆ ಇಬ್ಬರಿಗೂ ಏನೂ ಇಲ್ಲ. ಲಾಮಲೇರದಲ್ಲಿ ಈ ಆಟವನ್ನು ಆಡಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಆಲ್ವರ್ಡ್. ಹಣವಿಟ್ಟರೆ ಜೂಜೆನಿಸೀತೆಂದು ಸಿಗರೇಟು ಪೊಟ್ಟಣಗಳನ್ನಿಟ್ಟರು. ಕೆಲವು ಸಮಾಜಗಳಲ್ಲಿ ಜನರು ಸರಾಸರಿ ಕಾಲುಭಾಗದಷ್ಟನ್ನು ಮಾತ್ರ ಬಿಟ್ಟುಕೊಟ್ಟರೆ, ಲಾಮಲೇರದವರು ಸರಾಸರಿ ನೂರಕ್ಕೆ 58ರಷ್ಟನ್ನು ಕೊಟ್ಟರು. ಹದಿನೈದರಲ್ಲಿ ಅದೇ ಎಲ್ಲಕ್ಕೂ ಮಿಗಿಲು. ಹತ್ತಾರು ಜನ ಕೂಡದೆ ಒಂದು ತುಂಡೂ ದಕ್ಕದಿರುವಲ್ಲಿ, ತನಗೇ ಹೆಚ್ಚೆಂದು ಕೈಚಾಚಲು ಯಾರಿಗೆ ತಾನೆ ಧೈರ್ಯ ಬಂದೀತು?

ಮಾಂಸವನ್ನು ಬಿದಿರಿನ ಗಳುಗಳ ಮೇಲೆ ಒಣಗಿಸಿದ ಬಳಿಕ ಹೆಂಗಸರ ದುಡಿಮೆ ಮೊದಲಾಗುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ನಸುಕಿನಲ್ಲಿಯೇ ಬೆಟ್ಟದ ಹಳ್ಳಿಗಳಿಗೆ ನಡೆಯುತ್ತಾರೆ. ಶನಿವಾರ ಹತ್ತಿರದ ವುಲಾಂದೋನಿಯಲ್ಲಿ ಸಂತೆ. ಮೇಲ್ವಿಚಾರಕನು ಸೀಟಿ ಊದಿದ ಮೇಲೆಯೇ ಅದಲುಬದಲು ಆರಂಭ. ಒಂದು ಪಟ್ಟಿ ಒಣಮಾಂಸಕ್ಕೆ ಹನ್ನೆರಡು ತೆನೆ ಮುಸುಕಿನ ಜೋಳ ಅಥವಾ ಹನ್ನೆರಡು ಬಾಳೆಹಣ್ಣು ಎಂಬಂತಹ ಕಟ್ಟುಗಳು ರೂಢಿಯಾಗಿವೆ. ಗಂಡಸರ ಈಟಿಯ ಕಥೆಯನ್ನು ಲೋಕವೆಲ್ಲ ಬರೆದಿದೆ. ಊರಿನ ಒಲೆಯ ಮೇಲೆ ಜೋಳ ಬೇಯುವುದು ಈ ಹೆಂಗಸರ ಕಾಲ್ನಡಿಗೆಯಿಂದ.

ಅವರು ನೇಯುವ ಬಟ್ಟೆಗಳಲ್ಲಿ ತಿಮಿಂಗಿಲ, ದೋಣಿಗಳ ಚಿತ್ರಗಳಿರುತ್ತವೆ. ಇಲ್ಲಿಯ ಕೆಲವು ಕುಲಗಳು ಗುಜರಾತಿನ ಪಟೋಲ ರೇಷ್ಮೆಯನ್ನು ಪವಿತ್ರ ಆಸ್ತಿಯಂತೆ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿವೆ. ಹಿಂದಿನ ವರ್ತಕರ ಹಡಗುಗಳಲ್ಲಿ ಬಂದ ಆ ಬಟ್ಟೆಯ ವಿನ್ಯಾಸಗಳ ನೆರಳನ್ನು ಸ್ಥಳೀಯ ನೇಯ್ಗೆಯಲ್ಲಿಯೂ ಕಾಣಬಹುದು.

ಇಂತಹ ಊರನ್ನು ಸುಧಾರಿಸಲು ಹೊರಗಿನವರು ಬಾರದಿರುತ್ತಾರೆಯೆ? 1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಆಧುನಿಕ ಬೇಟೆಯನ್ನು ಕಲಿಸಲೆಂದು ನಾರ್ವೆಯ ತಜ್ಞನನ್ನೂ ಹಡಗನ್ನೂ ಕಳುಹಿಸಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಮುಂದೆ ಬಂದವರು ಬೇಟೆ ಬೇಡವೆಂದರು. ತಿಮಿಂಗಿಲಗಳನ್ನು ಲೋಕದಲ್ಲೆಲ್ಲ ಬರಿದುಮಾಡಿದ್ದು ದೊಡ್ಡ ದೇಶಗಳ ಹಡಗುಗಳು. ವ್ಯಾಪಾರದ ಬೇಟೆಗೆ ಅಂತರರಾಷ್ಟ್ರೀಯ ತಡೆ ಬಂದದ್ದು 1986ರಲ್ಲಿ. ಹೊಟ್ಟೆಪಾಡಿನ ಬೇಟೆಯೆಂದು ಲಾಮಲೇರವನ್ನು ಸರಕಾರ ಹೆಚ್ಚು ಕೆಣಕಲಿಲ್ಲ. 2009ರಲ್ಲಿ ಸಾವು ಸಮುದ್ರವನ್ನು ರಕ್ಷಿತ ಉದ್ಯಾನವೆಂದು ಘೋಷಿಸುವ ಮಾತು ಬಂದಾಗ ಊರಿನವರು ಬಲವಾಗಿ ಪ್ರತಿಭಟಿಸಿದರು. ಅವರ ಕಡಲನ್ನು ಹೊರಗಿಟ್ಟೇ ಉದ್ಯಾನದ ಗಡಿ ಗೊತ್ತಾಯಿತು. ಆದರೆ ತಿಮಿಂಗಿಲದ ಪರವಾಗಿ ವಾದಿಸುವವರದೂ ಪೊಳ್ಳು ಮಾತಲ್ಲ. ನಿಧಾನವಾಗಿ ಮರಿಹಾಕುವ ಪ್ರಾಣಿಯದು; ಒಂದು ಹೆಣ್ಣು ಹಲವು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ.

ಊರನ್ನು ಒಳಗಿನಿಂದ ಅಲುಗಿಸುತ್ತಿರುವುದು ಬೇರೆಯೇ. ದೋಣಿಯ ಹಿಂದೆ ಕಟ್ಟುವ ಎಂಜಿನ್ನು ಬಂದಿದೆ. ಅದುಳ್ಳ ಸಣ್ಣ ದೋಣಿಯನ್ನು ಇಲ್ಲಿಯವರು ‘ಜಾನ್ಸನ್’ ಎಂದೇ ಕರೆಯುತ್ತಾರೆ. ತೇನಾವನ್ನು ತಿಮಿಂಗಿಲದ ಬಳಿಗೆ ಎಳೆದೊಯ್ಯುವುದು ಈಗ ಅದರ ಕೆಲಸ. ಓಲೆಯ ಹಾಯಿ ಸುತ್ತಿಟ್ಟಲ್ಲಿಯೇ ಇರುತ್ತದೆ. ಎಂಜಿನ್ನಿಗೆ ಎಣ್ಣೆ ಬೇಕು, ಎಣ್ಣೆಗೆ ರೊಕ್ಕ ಬೇಕು; ಒಣಮಾಂಸವನ್ನು ಕೊಟ್ಟರೆ ಜೋಳ ಬಂದೀತು, ಪೆಟ್ರೋಲು ಬಾರದು. ರಾತ್ರಿ ಬಲೆ ಬಿಟ್ಟು ಹಿಡಿದ ಮೀನು ಬಲೆಯ ಒಡೆಯನದು ಮತ್ತು ಅವನ ಜೊತೆಗಾರರದು. ಅಲ್ಲಿ ಕಮ್ಮಾರನ ಪಾಲಿಲ್ಲ, ನೆಲದೊಡೆಯರ ಪಾಲಿಲ್ಲ. ಹುಡುಗ ಹುಡುಗಿಯರು ಓದಿಗೆ ಲೆವೊಲೆಬಾಕ್ಕೆ, ಕುಪಾಂಗಿಗೆ, ಜಕಾರ್ತಾಕ್ಕೆ ಹೋಗುತ್ತಾರೆ; ಶಿಕ್ಷಕರಾಗಿ, ಪಾದ್ರಿಗಳಾಗಿ, ಗುಮಾಸ್ತರಾಗಿ ಅಲ್ಲಿಯೇ ನಿಲ್ಲುತ್ತಾರೆ. ಮನೆಗೆ ಹಣ ಕಳುಹಿಸುವ ಮಗನಿಂದ ತಾಯಿಗೆ ನೆಮ್ಮದಿಯೇ. ಆದರೆ ಹುಟ್ಟು ಹಾಕಲು ಹತ್ತು ಜನ ಕೂಡದ ದಿನ ದೋಣಿ ಮನೆಯಲ್ಲಿಯೇ ಉಳಿಯುತ್ತದೆ.

ಪ್ರತಿವರ್ಷ ಏಪ್ರಿಲ್ 29ರಂದು, ಬೇಟೆಯ ಕಾಲಕ್ಕೆ ಮುನ್ನ, ಕುಲಗಳ ಹಿರಿಯರೂ ಈಟಿಗಾರರೂ ಕಡಲತೀರದ ಮರಳಿನ ಮೇಲೆ ಸಭೆ ಸೇರುತ್ತಾರೆ. ಕಳೆದ ವರ್ಷದ ತಪ್ಪುಗಳು, ಮನಸ್ತಾಪಗಳು, ತಡವಾದ ಪಾಲುಗಳು ಅಲ್ಲಿ ಬಹಿರಂಗವಾಗಿ ಚರ್ಚೆಯಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಎಂಜಿನ್ನಿನ ವಿಷಯವೂ ಅದರೊಡನೆ ಸೇರಿದೆ: ಅದು ತೇನಾವನ್ನು ಎಲ್ಲಿಯವರೆಗೆ ಎಳೆಯಬಹುದು, ಎಲ್ಲಿಂದ ಮುಂದೆ ಹುಟ್ಟು ಹಾಕಿಯೇ ಸಾಗಬೇಕು. ಹಿಂದೆ ಸಾಲಾಗಿ ಓಲೆ ಹೊದಿಸಿದ ದೋಣಿಮನೆಗಳು. ಕೆಲವು ದೋಣಿಮನೆಗಳಲ್ಲಿ ತೇನಾದ ಪಕ್ಕದಲ್ಲಿಯೇ ಪೆಟ್ರೋಲಿನ ಡಬ್ಬಿಗಳನ್ನು ಜೋಡಿಸಿರುತ್ತಾರೆ.